ಹೊಡೆದವನ ಅಂಗೈ

ಹೊಡೆದು ಒಂದು ಗಂಟೆಯಾಗಿದ್ದರೂ ಅಂಗೈ ಇನ್ನೂ ಚುರುಗುಟ್ಟುತ್ತಿತ್ತು. ಮುಂದಿನ ಸೀಟಿನ ಕಂಬಿ ತಣ್ಣಗಿರುತ್ತದೆಂದು ಹಿಡಿದುಕೊಂಡರೆ ಅದೂ ಯಾರ್ಯಾರದೋ ಬೆವರಿನಿಂದ ಬೆಚ್ಚಗಿತ್ತು. ಪಕ್ಕದಲ್ಲಿ ಮಗಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಏಟು ಬಿದ್ದದ್ದು ಎಡಗೆನ್ನೆಗೆ, ಅವನ ಕಡೆಗಿದ್ದದ್ದೂ ಅದೇ ಕೆನ್ನೆ. ಬೇಕೆಂದೇ ಕಿಟಕಿ ಪಕ್ಕದ ಜಾಗ ಹಿಡಿದು ಕೂತಳೋ ಏನೋ ಎಂಬ ಅನುಮಾನ ಬಂದು, ಏಳು ವರ್ಷದ ಹುಡುಗಿಯ ಮೇಲೆ ಇಂಥ ಅನುಮಾನ ಪಡುವ ತನ್ನ ಮೇಲೇ ಅವನಿಗೆ ಹೇಸಿಗೆಯಾಯಿತು. ನಾಲ್ಕು ಬೆರಳು ಮೂಡಿದ್ದವು. ಕಂಡಕ್ಟರು ಟಿಕೆಟ್ಟು ಹರಿದುಕೊಡುವಾಗ ಕೆನ್ನೆ ನೋಡಿದ, ಆಮೇಲೆ ಅವನ ಕೈ ನೋಡಿದ. ನೋಡಲಿ. ಮಕ್ಕಳಿಗೆ ಹೊಡೆಯದ ಅಪ್ಪ ಯಾವನಿದ್ದಾನೆ? ಬೆಳಿಗ್ಗೆ ಅವಳು ಕುತ್ತಿಗೆಗೆ ಟವೆಲ್ ಗಂಟು ಹಾಕಿಕೊಂಡು, ಮಂಚದ ಮೇಲಿಂದ ‘ನ್ಯಾಯದ ಹೆಸರಿನಲ್ಲಿ!’ ಎಂದು ಕಿರುಚುತ್ತ ಮೂರು ವರ್ಷದ ತಮ್ಮನ ಮೇಲೆ ಹಾರಿ, ಸೌಟಿನಿಂದ ಅವನ ಹಣೆಗೆ ಬಾರಿಸಿದ್ದಳು. ಹಣೆ ನಿಂಬೆಹಣ್ಣಿನಷ್ಟು ಊದಿತು. ಅವನು ಗಡ್ಡಕ್ಕೆ ಸೋಪು ಹಚ್ಚಿದ ಮುಖದಲ್ಲೇ ಓಡಿಬಂದು, “ಯಾರಿಗೂ ಹೊಡೀಬಾರ್ದು ಅಂತ ಎಷ್ಟು ಸಲ ಹೇಳ್ಬೇಕು ನಿಂಗೆ!” ಎಂದ. ಮಾತು ಮುಗಿಯುವ ಮೊದಲೇ ಕೈ ಬೀಸಿಯಾಗಿತ್ತು. ಅವಳು ಅಳಲಿಲ್ಲ. ಅಳದೆ ನೋಡಿದ್ದೇ ಅವನನ್ನು ಕೆರಳಿಸಿತು, ಇನ್ನೊಂದು ಕೊಡಬೇಕೆನಿಸಿತು, ಹೆಂಡತಿ ನಡುವೆ ಬರದಿದ್ದರೆ ಕೊಟ್ಟೇಬಿಡುತ್ತಿದ್ದ. “ಇವತ್ತು ಅವಳಿಗೆ ರಜ. ನೀವೇ ಕರ್ಕೊಂಡು ಹೋಗಿ,” ಎಂದಳು ಹೆಂಡತಿ, ಚಿಕ್ಕವನ ಹಣೆಗೆ ಐಸು ಒತ್ತುತ್ತ. “ಆ ಕೆನ್ನೆ ನಾನು ದಿನವಿಡೀ ನೋಡ್ತಾ ಕೂತ್ರೆ, ಸಂಜೆ ನಿಮ್ಮ ಮುಖ ನೋಡೋಕಾಗಲ್ಲ ನನಗೆ.”

‘ನ್ಯಾಯದ ಹೆಸರಿನಲ್ಲಿ’ ಎಂಬ ಮಾತು ಅವನದೇ. ಟಿವಿ ಚಾನೆಲ್ಲಿನ ಮಕ್ಕಳ ವಿಭಾಗಕ್ಕೆ ಅವನು ಮುಖ್ಯಸ್ಥ. ಹೊರದೇಶದಿಂದ ಕೊಂಡು ತಂದ ‘ಉಕ್ಕಿನ ಗಿಡುಗ’ ಎಂಬ ಕಾರ್ಟೂನು ದಿನಕ್ಕೆ ನಾಲ್ಕು ಸಲ ಬರುತ್ತಿತ್ತು. ಗಿಡುಗ ತನ್ನ ಭಾಷೆಯಲ್ಲಿ ಏನೋ ಕೂಗಿ ಗುದ್ದುವಾಗ ಅದರ ತುಟಿಯ ಅಲುಗಾಟಕ್ಕೆ ಹೊಂದುವ ಮಾತು ಸಿಗದೆ, ಡಬ್ಬಿಂಗ್ ಕೋಣೆಯಲ್ಲಿ ಅರ್ಧ ದಿನ ತಲೆ ಕೆರೆದುಕೊಂಡು ಅದನ್ನು ಬರೆದವನು ಅವನು. ಮಾತಿಗಷ್ಟೇ ಬೇರೆ ಭಾಷೆ ಬೇಕಾಗುತ್ತಿತ್ತು. ಗುದ್ದಿಗೆ, ಒದೆತಕ್ಕೆ, ಪಕ್ಕೆಲುಬು ಮುರಿದಾಗಿನ ‘ಹುಕ್’ಗೆ ಬೇಕಿರಲಿಲ್ಲ, ಅವು ಅಲ್ಲಿಂದಲೇ ಬರುತ್ತಿದ್ದವು, ಸಿದ್ಧವಾಗಿ, ಒಂದು ಕಂತಿಗೆ ನಲವತ್ತು ಐವತ್ತು. ಒಂಬತ್ತು ವರ್ಷದ ಹಿಂದೆ ಈ ಕೆಲಸಕ್ಕೆ ಸೇರಿದಾಗ ಅವನು ಎದೆ ಉಬ್ಬಿಸಿ, ನಮ್ಮ ಮಕ್ಕಳಿಗೆ ನಮ್ಮದೇ ಚಿತ್ರಗಳನ್ನು ಮಾಡುತ್ತೇನೆ ಎಂದಿದ್ದ. ಒಂಬತ್ತು ವರ್ಷದಲ್ಲಿ ಒಂದನ್ನೂ ಮಾಡಿರಲಿಲ್ಲ. ಮಾಡುವ ಅವಕಾಶ ಇವತ್ತು ಹನ್ನೊಂದು ಗಂಟೆಗೆ ಇತ್ತು, ಮತ್ತು ಅದು ಇರುವುದೇ ಅವನಿಗೆ ಬೇಡವಾಗಿತ್ತು. ಏಕೆಂದರೆ ಅದನ್ನು ತರುತ್ತಿದ್ದವನು ಕಡ್ಡಿ. ಚಿತ್ರಕಲಾ ಶಾಲೆಯಲ್ಲಿ ಅವನ ಜೊತೆ ಒಂದೇ ಕೋಣೆಯಲ್ಲಿ ಮೂರು ವರ್ಷ ಉಂಡು ಮಲಗಿದವನು. ಸಣಕಲನಾದ್ದರಿಂದ ಆ ಹೆಸರು, ಈಗ ತಲೆ ನರೆತರೂ ಅದೇ ಹೆಸರು. ಕಡ್ಡಿ ಎರಡು ವರ್ಷ ಒಬ್ಬನೇ ಕೂತು ‘ಮೊಂಡಿ’ ಎಂಬ ಹನ್ನೊಂದು ನಿಮಿಷದ ಕಾರ್ಟೂನು ಮಾಡಿದ್ದ. ಇವತ್ತಿನ ಮಕ್ಕಳ ಪರೀಕ್ಷೆಯಲ್ಲಿ ಅದು ಗಿಡುಗನನ್ನು ಮೀರಿಸಿದರೆ ಹದಿಮೂರು ಕಂತು ಮಾಡಿಸುತ್ತೇವೆಂದು ಚಾನೆಲ್ಲು ಬರೆದುಕೊಟ್ಟಿತ್ತು. ಬರೆದುಕೊಟ್ಟ ಕಾಗದಕ್ಕೆ ಸಹಿ ಹಾಕಿದವನೂ ಅವನೇ.

ಮಗಳನ್ನು ಮೂರನೇ ಮಹಡಿಯ ಬೆಂಚಿನ ಮೇಲೆ ಕೂರಿಸಿ ಡೈರೆಕ್ಟರ ಕೋಣೆಗೆ ಹೋದರೆ ಅವರು ಬಿಸ್ಕತ್ತು ಅದ್ದಿಕೊಂಡು ಟೀ ಕುಡಿಯುತ್ತಿದ್ದರು. ಗೋಡೆಯ ತುಂಬ ಗಿಡುಗ. ಮೇಜಿನ ಮೇಲೆ ಗಿಡುಗನ ಮುಖದ ಸ್ಕೂಲ್ ಬ್ಯಾಗು, ಚಪ್ಪಲಿ, ನೀರಿನ ಬಾಟಲಿ. “ಇನ್ನೂ ನೂರಾನಾಲ್ಕು ಕಂತು ತರೋದು ಅಂತ ನಿನ್ನೆ ಮಾತು ಕೊಟ್ಟುಬಿಟ್ಟೆ ಕಣ್ರೀ,” ಎಂದರು, ಹವಾಮಾನದ ಸುದ್ದಿ ಹೇಳುವ ಹಾಗೆ. ಪರೀಕ್ಷೆ ಇವತ್ತು ತಾನೇ ಸರ್, ಎಂದ ಇವನು. “ಪರೀಕ್ಷೆ ಮಾಡಿ, ಯಾರು ಬೇಡ ಅಂದ್ರು? ಆದ್ರೆ ನೀವೇ ಯೋಚನೆ ಮಾಡಿ. ನಿಮ್ಮ ಸ್ನೇಹಿತರು ಹದಿಮೂರು ಕಂತು ಮಾಡೋ ಹೊತ್ತಿಗೆ ಈಗ ನೋಡೋ ಮಕ್ಕಳಿಗೆ ಮೀಸೆ ಬಂದಿರತ್ತೆ. ಇದು ಸಿದ್ಧ ಇದೆ, ನಾಳೆಯಿಂದಲೇ ಓಡಿಸಬಹುದು. ಬ್ಯಾಗಿನವರಿಗೆ, ಚಪ್ಪಲಿಯವರಿಗೆ ಗೊತ್ತಿರೋ ಮುಖ ಬೇಕು. ಗೊತ್ತಿಲ್ಲದ ಹುಡುಗಿ ಮುಖ ಇರೋ ಚಪ್ಪಲಿ ಯಾರು ಹಾಕ್ತಾರೆ? ಇನ್ನು ಯಾವುದೋ ಮಗು ಟವೆಲ್ ಕಟ್ಕೊಂಡು ಮಹಡಿಯಿಂದ ಹಾರಿತು ಅನ್ನಿ. ಹೊರಗಿಂದ ತಂದಿದ್ದಾದ್ರೆ ಒಪ್ಪಂದದಲ್ಲಿ ಅದಕ್ಕೊಂದು ಕಲಮು ಇದೆ, ಹೊಣೆ ಅವರದ್ದು. ನಾವೇ ಮಾಡಿದ್ದಾದ್ರೆ ನಿಮ್ಮ ಮನೆ ಬಾಗಿಲಿಗೆ ಬರ್ತಾರೆ, ನಿಮ್ಮ ಕೊರಳಪಟ್ಟಿ ಹಿಡೀತಾರೆ.” ಬಿಸ್ಕತ್ತು ಮುರಿದು ಟೀಯೊಳಗೆ ಬಿತ್ತು, ಅದನ್ನು ಬೆರಳಲ್ಲೇ ಎತ್ತಿ ಬಾಯಿಗೆ ಹಾಕಿಕೊಂಡು ಮುಂದುವರಿಸಿದರು. “ಹೊಸದು ಸೋತ್ರೆ ಯಾರೋ ಒಬ್ಬರು ಸೋತ ಹಾಗೆ ಕಣ್ರೀ. ತಂದದ್ದು ಸೋತ್ರೆ ಯಾರೂ ಸೋಲಲ್ಲ.” ಮೇಜಿನ ಮೇಲಿದ್ದ ಗಾಜಿನ ಪೇಪರ್‌ವೇಟನ್ನು ಎತ್ತಿ ಆ ಒದ್ದೆ ತುಟಿಗಳ ನಡುವೆ ಜಜ್ಜಿದರೆ ಹಲ್ಲು ಎಷ್ಟು ಉದುರಬಹುದು ಎಂದು ಅವನು ಯೋಚಿಸುತ್ತಿದ್ದ. ಎರಡು ಮೇಲಿನವು, ಒಂದು ಕೆಳಗಿನದು. ರಕ್ತ ಟೀ ಲೋಟದೊಳಗೇ ಬೀಳುತ್ತದೆ. “ನೀವು ಹೇಳೋದು ಸರಿ ಸರ್,” ಎಂದ. ಎದ್ದು ಹೊರಗೆ ಬಂದ. ಅವರು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ, ಒಂಬತ್ತು ವರ್ಷದಿಂದ ಅವನೇ ಎಷ್ಟೋ ಚಿತ್ರಗಾರರಿಗೆ ಈ ಮಾತುಗಳನ್ನು ಇದಕ್ಕಿಂತ ನಯವಾಗಿ ಹೇಳಿ ಮೆಟ್ಟಿಲ ತನಕ ಬೀಳ್ಕೊಟ್ಟಿದ್ದ.

ಪರೀಕ್ಷೆಯ ಕೋಣೆಯಲ್ಲಿ ಎರಡು ಪರದೆ. ದೊಡ್ಡದರಲ್ಲಿ ಕಾರ್ಟೂನು, ಪಕ್ಕದ ಚಿಕ್ಕದರಲ್ಲಿ ಏಳು ಸೆಕೆಂಡಿಗೊಮ್ಮೆ ಬದಲಾಗುವ ಚಿತ್ರಗಳು, ನಾಯಿಮರಿ, ಬಲೂನು, ರೈಲು. ಹನ್ನೆರಡು ಮಕ್ಕಳು ಕೂರುತ್ತಾರೆ. ಕಾರ್ಟೂನು ಬೇಸರವಾದ ಮಗುವಿನ ಕಣ್ಣು ಪಕ್ಕದ ಪರದೆಗೆ ಹೊರಳುತ್ತದೆ. ಗಾಜಿನ ಹಿಂದೆ ಕೂತ ಹೆಂಗಸು ಕಣ್ಣು ಹೊರಳಿದಾಗಲೆಲ್ಲ ಗುಂಡಿ ಒತ್ತುತ್ತಾಳೆ. ಕಣ್ಣು ತಪ್ಪಿದ್ದು ಎಷ್ಟು ಸಲ ಎಂಬುದೇ ಲೆಕ್ಕ, ಕಡಿಮೆ ತಪ್ಪಿದ್ದು ಗೆದ್ದ ಹಾಗೆ. ಈ ಹೆಂಗಸು ಹದಿನೈದು ವರ್ಷ ಇದೇ ಕೆಲಸ ಮಾಡಿ, ಮಾತಾಡುವಾಗಲೂ ಎದುರಿಗಿರುವವರ ಕಣ್ಣನ್ನೇ ನೋಡುವ ಚಾಳಿ ಬೆಳೆಸಿಕೊಂಡಿದ್ದಳು. “ಹನ್ನೊಂದೇ ಬಂದಿರೋದು ಸರ್. ಒಂದಕ್ಕೆ ಜ್ವರವಂತೆ. ಹನ್ನೆರಡಾಗದೆ ಶುರು ಮಾಡೋ ಹಾಗಿಲ್ಲ,” ಎಂದಳು. ಅವನು ಬೆಂಚಿನ ಕಡೆ ನೋಡಿದ. ಮಗಳು ಕಾಲು ಆಡಿಸುತ್ತ ಕೂತಿದ್ದಳು, ಕೆನ್ನೆಯ ಕೆಂಪು ಈಗ ಸ್ವಲ್ಪ ನೀಲಿಗೆ ತಿರುಗಿತ್ತು. “ಇವಳನ್ನ ಕೂರಿಸಿ,” ಎಂದ. “ಯಾರು ಸರ್ ಈ ಮಗು?” ಎಂದಾಗ ಆ ಕಣ್ಣುಗಳಿಂದ ತಪ್ಪಿಸಿಕೊಂಡು, “ಗೊತ್ತಿರೋರ ಮಗು,” ಎಂದ. ಮಗಳು ತಲೆಯೆತ್ತಿ ಅವನನ್ನು ನೋಡಿದಳು, ಹೆಂಗಸಿನ ಕೈ ಹಿಡಿದು ಒಳಗೆ ಹೋದಳು. ಸಿಬ್ಬಂದಿಯ ಮಕ್ಕಳು ಪರೀಕ್ಷೆಗೆ ಕೂರುವಂತಿಲ್ಲ, ಕೂತರೆ ಇಡೀ ಪರೀಕ್ಷೆ ರದ್ದು. ನಿಯಮ ಬಾಗಿಲ ಮೇಲೇ ಅಂಟಿಸಿತ್ತು, ಬರೆದವನು ಅವನೇ. ಅವಳಿಗೆ ಕಾರ್ಟೂನು ತೋರಿಸಿ ಬೆಳಗಿನದನ್ನು ಮರೆಸೋಣ ಎಂದು ಒಳಗೆ ಕಳಿಸಿದನೋ, ಆ ನಿಯಮ ತಲೆಯೊಳಗೆ ಎಲ್ಲೋ ಬಾಲ ಆಡಿಸುತ್ತಿತ್ತೋ, ಆ ಕ್ಷಣದಲ್ಲಿ ಅವನಿಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡ.

ಕಡ್ಡಿ ಬಂದ. ಇಸ್ತ್ರಿ ಮಾಡಿದ ಅಂಗಿ, ದಪ್ಪ ಗಾಜಿನ ಕನ್ನಡಕ, ಎದೆಗೆ ಸಿಕ್ಕಿಸಿದ ಸಂದರ್ಶಕರ ಚೀಟಿ. ಕೈ ಕುಲುಕಿದಾಗ ಅವನ ನಡುಬೆರಳಿನ ಸೊಟ್ಟ ಗಿಣ್ಣು ಇವನ ಅಂಗೈಗೆ ಒತ್ತಿತು, ಎಂದಿನಂತೆ. “ಬೆಳಿಗ್ಗೆಯಿಂದ ಮೂರು ಸಲ ಅಂಗಿ ಇಸ್ತ್ರಿ ಮಾಡ್ದೆ ಕಣೋ, ಪರೀಕ್ಷೆ ಬರೆಯೋ ಹುಡುಗನ ಹಾಗೆ,” ಎಂದು ನಕ್ಕ. “ನಿನ್ನ ಮಗಳು ಹೇಗಿದ್ದಾಳೆ? ನಾನಿನ್ನೂ ನೋಡೇ ಇಲ್ಲ ಅವಳನ್ನ. ಅವಳಿಗೂ ತೋರಿಸ್ಬೇಕು ಒಂದಿನ.” “ಮನೇಲಿದ್ದಾಳೆ,” ಎಂದ ಇವನು. ಗಾಜಿನ ಆಚೆ, ಎರಡನೇ ಸಾಲಿನಲ್ಲಿ, ಅವಳು ಕೂದಲು ಕೆನ್ನೆಯ ಮೇಲೆ ಎಳೆದುಕೊಳ್ಳುತ್ತಿದ್ದಳು.

ಮೊದಲು ಗಿಡುಗ. ಗಿಡುಗ ಒಬ್ಬನನ್ನು ಗೋಡೆಗೆ ಅಪ್ಪಳಿಸಿತು, ಇನ್ನೊಬ್ಬನ ಮೊಣಕಾಲನ್ನು ಹಿಂದಕ್ಕೆ ಮುರಿಯಿತು, ಒಂದು ಬೀದಿಯನ್ನೇ ಎತ್ತಿ ಬಿಸಾಡಿತು. ಮಕ್ಕಳ ಕಣ್ಣು ನಾಯಿಮರಿಗೆ ಹೋಯಿತು, ಬಲೂನಿಗೆ ಹೋಯಿತು, ವಾಪಸು ಬಂತು, ಮತ್ತೆ ಹೋಯಿತು. ಗುಂಡಿ ಟಕಟಕ ಎನ್ನುತ್ತಲೇ ಇತ್ತು. ಪೆಟ್ಟು ನೋಡಿ ಅವರೇನೂ ಬೆಚ್ಚಲಿಲ್ಲ. ಅದು ಮುಗಿದು ಹತ್ತು ನಿಮಿಷದ ಬಿಡುವು ಕೊಟ್ಟಾಗ ಬೆಚ್ಚಿದವನು ಇವನು. ಒಬ್ಬ ದಪ್ಪ ಹುಡುಗ ಕುರ್ಚಿ ಹತ್ತಿ ‘ನ್ಯಾಯದ ಹೆಸರಿನಲ್ಲಿ!’ ಎಂದ, ಕನ್ನಡಕದ ಪುಟ್ಟ ಹುಡುಗಿಯ ಬೆನ್ನ ಮೇಲೆ ಹಾರಿದ. ಮೂವರು ಸೇರಿ ಒಬ್ಬನನ್ನು ಮೂಲೆಗೆ ನೂಕಿ ಹೊಟ್ಟೆಗೆ ಒದ್ದರು, ಸಿಟ್ಟಿನಿಂದಲ್ಲ, ಕೆಲಸ ಮಾಡುವವರ ಹಾಗೆ ಒಂದೇ ಸಮನೆ. ಯಾರದೋ ಮೂಗು ಒಡೆದು ರಕ್ತ ನೆಲಕ್ಕೆ ಬಿತ್ತು, ಇನ್ನೊಬ್ಬ ಅದರ ಮೇಲೆ ಜಾರಿದ. ಪ್ರತಿ ಕೂಗಿನಲ್ಲೂ ಅವನು ಬರೆದ ಮಾತು. ಹೆಂಗಸು ಒಳಗೆ ಓಡಿ, ಬಿಡಿಸಿ, ಮೂಗಿಗೆ ಹತ್ತಿ ತುರುಕಿ ಬಂದು ಹಾಳೆಯಲ್ಲಿ ಬರೆದುಕೊಂಡಳು. ಅದಕ್ಕೆಂದು ಹಾಳೆಯಲ್ಲಿ ಇದ್ದ ಕಾಲಮಿನ ಹೆಸರು ‘ಉತ್ಸಾಹ’. ಗಿಡುಗನಿಗೆ ಉತ್ಸಾಹದಲ್ಲಿ ಹತ್ತಕ್ಕೆ ಒಂಬತ್ತು. ಮಗಳು ಮಾತ್ರ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು, ಹತ್ತಿರ ಯಾರು ಬಂದರೂ ಎಡಗೈ ಕೆನ್ನೆಗೆ ಹೋಗುತ್ತಿತ್ತು.

ಆಮೇಲೆ ಮೊಂಡಿ. ಪೆನ್ಸಿಲ್ಲಿನ ಗೆರೆ ಇನ್ನೂ ಕಾಣುವ ಒರಟು ಚಿತ್ರ. ಕೆದರಿದ ಕೂದಲಿನ ಒಬ್ಬಳು ಹುಡುಗಿ. ಅವಳಿಗೆ ಶಕ್ತಿ ಗಿಕ್ತಿ ಏನೂ ಇಲ್ಲ, ಹಾರುವುದಿಲ್ಲ, ಗುದ್ದುವುದಿಲ್ಲ. ಅವಳಿಗೆ ಯಾರೇ ಹೊಡೆದರೂ ಗುರುತು ಅವಳ ಮೈಮೇಲೆ ಮೂಡುವುದಿಲ್ಲ, ಹೊಡೆದವನ ಅಂಗೈ ಮೇಲೆ ಮೂಡುತ್ತದೆ. ತೊಳೆದರೆ ಹೋಗುವುದಿಲ್ಲ. ಅವಳು ಓಡದೆ ನಿಂತು, ‘ಕೈ ತೋರ್ಸು’ ಎನ್ನುತ್ತಾಳೆ. ಅಷ್ಟೇ ಕಥೆ. ಬೀದಿಯ ಪುಂಡ ಹೊಡೆದ, ಅಂಗಡಿಯವನು ಹೊಡೆದ, ಒಬ್ಬ ಮೇಷ್ಟ್ರು ಅಳತೆಪಟ್ಟಿ ಎತ್ತಿದರು. ಆ ಮೇಷ್ಟ್ರ ಎತ್ತರದ ಕಾಲರು, ಕುತ್ತಿಗೆಯ ನರ ನೋಡಿದ್ದೇ ಅವನಿಗೆ ಗುರುತು ಸಿಕ್ಕಿತು. ಕಬ್ಬಿಣದ ಅಂಚಿನ ಆ ಪಟ್ಟಿ ಅವನಿಗೆ ಗೊತ್ತು. ಚಿತ್ರಕಲಾ ಶಾಲೆಯಲ್ಲಿ ಕಪ್ಪು ಹಲಗೆಯ ಮೇಲೆ ಮೇಷ್ಟ್ರಿಗೆ ಕತ್ತೆಯ ಕಿವಿ ಬರೆದವನು ಅವನು. ಬೆರಳಿಗೆ ಸೀಮೆಸುಣ್ಣ ಅಂಟಿಕೊಂಡೇ ಇರುತ್ತಿದ್ದುದರಿಂದ ಸಿಕ್ಕಿಬಿದ್ದವನು ಕಡ್ಡಿ. ‘ಕೈ ಚಾಚು’ ಎಂದರು ಮೇಷ್ಟ್ರು. ಒಂದು, ಎರಡು, ಮೂರನೆಯದಕ್ಕೆ ಗಿಣ್ಣು ಮುರಿದ ಸದ್ದು ಹಿಂದಿನ ಬೆಂಚಿಗೂ ಕೇಳಿಸಿತು, ಆದರೂ ಅವರು ನಿಲ್ಲಿಸಲಿಲ್ಲ, ಒಂಬತ್ತರ ತನಕ ಹೊಡೆದರು, ಕಡ್ಡಿಯ ಉಗುರಿನಡಿಯಿಂದ ರಕ್ತ ಬಂದು ಸೀಮೆಸುಣ್ಣದ ಜೊತೆ ಕಲೆಸಿ ಗುಲಾಬಿಯಾಯಿತು. ಹಿಂದಿನ ಬೆಂಚಿನಲ್ಲಿ ಅವನು ನಾಲಿಗೆ ಕಚ್ಚಿ ಕೂತಿದ್ದ. ಒಂದು ತಿಂಗಳು ಕಡ್ಡಿಯ ಚೀಲ ಹೊತ್ತ, ಅನ್ನ ಕಲಸಿಕೊಟ್ಟ, ಒಂದು ಮಾತು ಮಾತ್ರ ಆಡಲಿಲ್ಲ. ಪರದೆಯ ಮೇಲೆ ಈಗ ಮೇಷ್ಟ್ರ ಅಂಗೈ ಸೀಳಿ ಕೆಂಪು ಗೆರೆಗಳು ಎದ್ದವು, ಒಂಬತ್ತು. ಕೊನೆಯ ಬೆಂಚಿನಲ್ಲಿ ಕೂತ ಒಬ್ಬ ಹುಡುಗನಿಗೆ ಕಣ್ಣು ಮೂಗು ಎಲ್ಲ ಇತ್ತು, ಬಾಯಿ ಬರೆದಿರಲಿಲ್ಲ. ಮಕ್ಕಳು ಅವನನ್ನು ನೋಡಿ ಕಿಸಕ್ಕನೆ ನಕ್ಕರು. ಮಗಳೂ ನಕ್ಕಳು, ಇವತ್ತು ಮೊದಲ ಸಲ. ಪಕ್ಕದ ಪರದೆಯಲ್ಲಿ ನಾಯಿಮರಿ ಬಂತು, ಬಲೂನು ಬಂತು, ರೈಲು ಬಂತು, ನೋಡುವವರಿಲ್ಲದೆ ಹೋದವು.

“ನೂರಾ ನಲವತ್ತಮೂರು, ಹತ್ತೊಂಬತ್ತು,” ಎಂದಳು ಹೆಂಗಸು. “ಗಿಡುಗನಿಗೆ ನೂರಾ ನಲವತ್ತಮೂರು ಸಲ ತಪ್ಪಿದೆ ಸರ್, ಇದಕ್ಕೆ ಬರೀ ಹತ್ತೊಂಬತ್ತು. ನನ್ನ ಸರ್ವೀಸಲ್ಲೇ ನೋಡಿಲ್ಲ.” ಕಡ್ಡಿ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ, ಒರೆಸುತ್ತಲೇ ಇದ್ದ. ಇವನಿಗೆ ಸಂತೋಷವಾಗಬೇಕಿತ್ತು. ಆದದ್ದು ಉರಿ, ಶುದ್ಧ ಉರಿ: ಇಪ್ಪತ್ತೈದು ವರ್ಷ ಕಡ್ಡಿ ಮನಸ್ಸಿನಲ್ಲಿ ಇದನ್ನಿಟ್ಟುಕೊಂಡು ನನ್ನ ಜೊತೆ ನಗುತ್ತಿದ್ದ, ಈಗ ಮನೆಮನೆಗೂ ನನ್ನ ಬಾಯಿಲ್ಲದ ಮುಖ ತೋರಿಸುತ್ತಾನೆ, ದಿನಕ್ಕೆ ನಾಲ್ಕು ಸಲ. ಫೋನು ಹೊಡೆದುಕೊಂಡಿತು. “ಏನಾಯ್ತು?” ಎಂದರು ಡೈರೆಕ್ಟರು. “ಪರೀಕ್ಷೆ ರದ್ದು ಮಾಡ್ಬೇಕಾಗತ್ತೆ ಸರ್,” ಎಂಬ ತನ್ನ ದನಿ ಅವನಿಗೇ ಕೇಳಿಸಿತು. “ಸಿಬ್ಬಂದಿ ಮಗು ಒಂದು ಕೂತುಬಿಟ್ಟಿದೆ.” “ಯಾರದ್ದು?” “ನಂದೇ.” ಆ ಕಡೆಯಿಂದ ಗೊಗ್ಗರು ನಗು. “ನೀವು ಭಾರಿ ಬುದ್ಧಿವಂತರು ಕಣ್ರೀ.” ಹೆಂಗಸು ಹಾಳೆಯನ್ನು ಎದೆಗೊತ್ತಿಕೊಂಡು ಅವನ ಕಣ್ಣನ್ನೇ ನೋಡುತ್ತಿದ್ದಳು. “ಗೊತ್ತಿರೋರ ಮಗು ಅಂದ್ರಲ್ಲ ಸರ್,” ಎಂದಳು ಮೆಲ್ಲಗೆ.

ಮೆಟ್ಟಿಲಿನ ತಿರುವಿನ ತನಕ ಇವನು ಕಡ್ಡಿಯನ್ನು ಬೀಳ್ಕೊಡಲು ಹೋದ. ಇವನೇ ಮಾತಾಡಿದ, ನಿಯಮ ಅಂದರೆ ನಿಯಮ, ಮುಂದಿನ ವರ್ಷ ನೋಡೋಣ, ಬ್ಯಾಗಿನವರು, ಚಪ್ಪಲಿಯವರು, ಒಪ್ಪಂದದ ಕಲಮು. ಎಲ್ಲ ಬಾಯಿಪಾಠ, ಒಂದೂ ತಡವರಿಸದೆ ಬಂತು. “ಆ ಕೆನ್ನೆ ಊದಿದ್ದ ಮಗು ನಿನ್ನದಾ?” ಎಂದು ಕೇಳಿದ ಕಡ್ಡಿ. “ಯಾರು ಹೊಡೆದ್ರು ಅವಳಿಗೆ?” ಇವನು ಬಲಗೈಯನ್ನು ಬೆನ್ನ ಹಿಂದಕ್ಕೆ ಒಯ್ದ. ಕಡ್ಡಿಯೇ ಮುಂದುವರಿಸಿದ. “ಆ ಬೆಂಚಿನ ಹುಡುಗನಿಗೆ ಬಾಯಿ ಯಾಕೆ ಬರೀಲಿಲ್ಲ ಗೊತ್ತಾ? ನಿನ್ನನ್ನ ಬಯ್ಯೋಕಲ್ಲ ಮಾರಾಯ. ಎಷ್ಟೋ ಸಲ ಬರೆದೆ. ಬರೆದಾಗೆಲ್ಲ ನಾನೇ ಕತ್ತೆ ಕಿವಿ ಬರೆದದ್ದು ಅಂತ ಅವನು ಎದ್ದು ಹೇಳಿಬಿಡ್ತಿದ್ದ. ಕಥೆ ಅಲ್ಲಿಗೇ ಮುಗಿದುಹೋಗ್ತಿತ್ತು.” ಹಾಗಾದರೆ ಕಡ್ಡಿಗೆ ಗೊತ್ತಿತ್ತು. ಮೊದಲಿಂದಲೂ ಗೊತ್ತಿತ್ತು, ತಾನು ಅವನ ಚೀಲ ಹೊತ್ತಾಗಲೂ, ಅನ್ನ ಕಲಸಿಕೊಟ್ಟಾಗಲೂ. ಕಡ್ಡಿ ಮುಖದಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು, ಅದನ್ನೇ ಇವನಿಗೆ ತಡೆಯಲಾಗಲಿಲ್ಲ. ಅಂಗೈ ಬಿಚ್ಚಿ ಬೀಸಿದ, ಬೆಳಿಗ್ಗೆ ಬೀಸಿದ ಹಾಗೇ, ಅದಕ್ಕಿಂತ ಜೋರಾಗಿ. ಕನ್ನಡಕದ ಗಾಜು ಕೆನ್ನೆಯ ಮೇಲೇ ಒಡೆಯಿತು. ಕಡ್ಡಿ ಹಿಂದಕ್ಕೆ ವಾಲಿ ಐದು ಮೆಟ್ಟಿಲು ಉರುಳಿ ಗೋಡೆಗೆ ತಲೆ ಬಡಿದು ಕೂತ, ತುಟಿ ಸೀಳಿತ್ತು. ಇವನು ಇಳಿದು ಹೋಗಿ ಇನ್ನೊಂದು ಕೊಟ್ಟ. ಮತ್ತೊಂದು. ಕೆಳಗಿನಿಂದ ಕಾವಲುಗಾರ ಬೂಟು ಬಡಿಯುತ್ತ ಓಡಿಬಂದು, ಎದೆಯ ಮೇಲಿದ್ದ ಸಂದರ್ಶಕರ ಚೀಟಿ ನೋಡಿ, ಬಿದ್ದಿದ್ದ ಕಡ್ಡಿಯ ತೋಳನ್ನು ಹಿಂದಕ್ಕೆ ತಿರುಚಿ ಎಬ್ಬಿಸಿದ. “ಸಾಹೇಬರ ಮೇಲೇ ಕೈ ಮಾಡ್ತೀಯಾ?” ಎಂದು ಪಕ್ಕೆಗೊಂದು ಗುದ್ದಿದ. ಕಡ್ಡಿ ಇವನ ಕಡೆ ನೋಡಿದ. ಹೊಡೆದದ್ದು ನಾನು ಎಂದು ಹೇಳಲು ಈಗ ಎಷ್ಟು ಹೊತ್ತು ಬೇಕು, ಎರಡು ಸೆಕೆಂಡು. ಕಾವಲುಗಾರ ಅವನನ್ನು ಎರಡನೇ ಮಹಡಿಗೆ, ಒಂದನೇ ಮಹಡಿಗೆ, ಬೀದಿಗೆ ಎಳೆದುಕೊಂಡು ಹೋಗುವ ಸದ್ದು ಇಳಿಯುತ್ತ ಹೋಯಿತು. ತಲೆಯೆತ್ತಿದರೆ ಮೇಲಿನ ಮೆಟ್ಟಿಲಲ್ಲಿ ಮಗಳು ನಿಂತಿದ್ದಳು.

ಮಧ್ಯಾಹ್ನದ ಬಸ್ಸು ಖಾಲಿಯಿತ್ತು. ಕರವಸ್ತ್ರ ಸುತ್ತಿದ ಬಲಗೈಯನ್ನು ಅವನು ತೊಡೆಯ ನಡುವೆ ಇಟ್ಟುಕೊಂಡಿದ್ದ. “ಮೊಂಡಿ ಟಿವೀಲಿ ಯಾವಾಗ ಬರ್ತಾಳೆ?” ಎಂದು ಕೇಳಿದಳು ಮಗಳು, ಮನೆ ಬಿಟ್ಟ ಮೇಲೆ ಅವನ ಜೊತೆ ಆಡಿದ ಮೊದಲ ಮಾತು. “ಬರಲ್ಲ,” ಎಂದ. “ಯಾಕೆ?” ಡೈರೆಕ್ಟರ ಕಾರಣಗಳೆಲ್ಲ ಅವನಿಗೆ ಬಾಯಿಗೆ ಬರುತ್ತಿದ್ದವು, ಏಳು ವರ್ಷದವಳಿಗೆ ಹೇಳುವಂಥದ್ದು ಒಂದೂ ಇರಲಿಲ್ಲ. ನೀನು ನೋಡಿದ್ದಕ್ಕೆ, ಎಂಬ ಮಾತು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡ. ಇವತ್ತು ಅವನು ಕೊಡದೆ ಬಿಟ್ಟ ಏಟು ಅದೊಂದೇ. ಅವಳು ಇವನ ಕಡೆ ಪೂರ್ತಿ ತಿರುಗಿ ಕೂತಳು. “ಅಪ್ಪಾ, ಕೈ ತೋರ್ಸು.” ಅವನು ಎಡಗೈ ಚಾಚಿದ. “ಅದಲ್ಲ. ಹೊಡೆದ ಕೈ.” ಅವನು ಬಲಗೈಯನ್ನು ಅವಳ ಮಡಿಲಿಗಿಟ್ಟ. ಅವಳೇ ಗಂಟು ಬಿಚ್ಚಿದಳು. ಕನ್ನಡಕದ ಚೂರು ಹೊಕ್ಕು ಅಂಗೈ ಉದ್ದಕ್ಕೂ ಸೀಳಿತ್ತು, ರಕ್ತ ಹೆಪ್ಪುಗಟ್ಟಿ ಕಪ್ಪಾಗಿತ್ತು. ಅವಳು ಹೆದರಲಿಲ್ಲ, ಮುಖ ಸಿಂಡರಿಸಲಿಲ್ಲ. ಎರಡೂ ಕೈಯಲ್ಲಿ ಅದನ್ನು ಹಿಡಿದು ಕಿಟಕಿಯ ಬೆಳಕಿಗೆ ಎತ್ತಿದಳು. “ಬಂದಿದೆ,” ಎಂದಳು, ತನಗೆ ಮೊದಲೇ ಗೊತ್ತಿದ್ದವಳ ಹಾಗೆ. ಗಾಯದ ಗುಂಟ ಬೆರಳು ಎಳೆದು, “ಇದು ಆ ಮಾಮಂದು,” ಎಂದಳು. ಆಮೇಲೆ ಅಂಗೈಯನ್ನು ಆಚೆ ಈಚೆ ವಾಲಿಸಿ, ಬೆರಳುಗಳ ಸಂದಿಯಲ್ಲಿ, ಮಣಿಕಟ್ಟಿನ ತನಕ, ಒಂದೊಂದೇ ಗೆರೆಯನ್ನು ತನ್ನ ಪುಟ್ಟ ಉಗುರಿನಿಂದ ಒತ್ತಿ ಒತ್ತಿ ನೋಡಿದಳು. ತುಂಬ ಹೊತ್ತು ಹುಡುಕಿದಳು. ಸಿಗದೆ, ಊದಿದ ಕೆನ್ನೆಯನ್ನು ಅವನ ಕಡೆಗೆತ್ತಿ ಕೇಳಿದಳು:

“ನಂದೆಲ್ಲಿ?”